ಹುಡುಕಿದವರ ಮುಖ

ಮಕ್ತುಮಸಾಬರು ಬರೆದ ಚಿತ್ರಗಳಲ್ಲಿ ತಪ್ಪಿಲ್ಲದ ಚಿತ್ರ ಒಂದೂ ಇರಲಿಲ್ಲ. ಇದು ಅವರ ಬೆನ್ನ ಹಿಂದೆ ಯಾರೋ ಆಡಿಕೊಂಡ ಮಾತು ಅಂದುಕೊಳ್ಳಬೇಡಿ. ಪ್ರದರ್ಶನದ ಬಾಗಿಲಿಗೆ ಅವರೇ ಬೋರ್ಡು ಬರೆದು ತೂಗು ಹಾಕುತ್ತಿದ್ದರು: ‘ಪ್ರತಿ ಚಿತ್ರದಲ್ಲೂ ಒಂದು ತಪ್ಪಿದೆ. ಹುಡುಕಿದವರ ಮುಖ ಬರೆದುಕೊಡಲಾಗುವುದು.’ ಆ ಬೋರ್ಡಿನ ಅಕ್ಷರಗಳು ಎಷ್ಟು ದುಂಡಗೆ, ಎಷ್ಟು ಚೆಂದ ಇರುತ್ತಿದ್ದವೆಂದರೆ, ಚಿತ್ರಗಿತ್ರದ ಗೊಡವೆಯೇ ಇಲ್ಲದವರು ಕೂಡ ಅದನ್ನು ಓದಲು ನಿಲ್ಲುತ್ತಿದ್ದರು. ಓದಿದ ಮೇಲೆ ಒಳಗೆ ಬಾರದೆ ಹೋದವರು ಕಡಿಮೆ. ಇನ್ನೊಬ್ಬರ ತಪ್ಪು ಹುಡುಕಲು ಕರೆದು ಕೂರಿಸಿ ಮರ್ಯಾದೆ ಮಾಡುತ್ತೇವೆ ಅಂದರೆ ಯಾರು ತಾನೇ ಬಿಟ್ಟಾರು.

ಅವರ ಊರು ಲಕ್ಷ್ಮೇಶ್ವರ. ಮೊದಲು ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದರು, ಅಂಗಡಿಗಳ ಹೆಸರು ಬರೆಯುತ್ತಿದ್ದರು. ಫ್ಲೆಕ್ಸ್ ಬಂದು ಆ ಕೆಲಸ ಕೈಬಿಟ್ಟ ಮೇಲೆ ಶಾಲೆಯ ಗೋಡೆಗಳಿಗೆ ನಕಾಶೆ, ಹಣ್ಣು, ಪ್ರಾಣಿ ಬರೆದು ಸಂಸಾರ ತೂಗಿಸಿದರು. ಉಳಿದ ಹೊತ್ತಿನಲ್ಲಿ ಮಾಂಜರಪಾಟ ಬಟ್ಟೆಯ ಮೇಲೆ ತಮ್ಮ ಮನಸ್ಸಿಗೆ ಬಂದದ್ದನ್ನು ಬರೆಯುವುದು. ಅವನ್ನೆಲ್ಲ ಒಂದು ಹಳೆಯ ಜಮಖಾನೆಯಲ್ಲಿ ಸುತ್ತಿ ಹೆಗಲಿಗೇರಿಸಿ ಗದಗ, ಶಿರಹಟ್ಟಿ, ಮುಂಡರಗಿ ಅಂತ ಬಸ್ಸು ಹತ್ತುವುದು. ಆ ಸುರುಳಿ ನೋಡಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು:

“ಗಾದಿ ಹೊಲಿಯಾವ್ರೇನ್ರಿ?”

“ಹೌದ್ರಿ. ಆದ್ರ ನಮ್ಮ ಗಾದಿ ಮ್ಯಾಲ ಮಲಗಾಕ ಬರೂದಿಲ್ಲ, ನಿಂದ್ರಬೇಕಾಕ್ಕೈತಿ,” ಅನ್ನುತ್ತಿದ್ದರು ಮಕ್ತುಮಸಾಬರು. ಕೇಳಿದವರಿಗೆ ತಿಳಿಯುತ್ತಿರಲಿಲ್ಲ, ಇವರು ಬಿಡಿಸಿ ಹೇಳುತ್ತಲೂ ಇರಲಿಲ್ಲ.

ಎತ್ತರದ ಬಡಕಲು ಆಳು, ಉದ್ದ ಮೂಗು. ಬಲಗಿವಿಯ ಮೇಲೆ ಸದಾ ಒಂದು ದಪ್ಪ ಪೆನ್ಸಿಲು ಸಿಕ್ಕಿಸಿ ಸಿಕ್ಕಿಸಿ ಆ ಕಿವಿ ಮುಂದಕ್ಕೆ ಬಾಗಿಬಿಟ್ಟಿತ್ತು. ಎದುರಿಗೆ ನಿಂತವರಿಗೆ ಅವರು ಒಂದು ಕಿವಿಯಿಂದಷ್ಟೇ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಚಹಾ ಹೇಳುವಾಗ “ಸಕ್ಕರಿ ಮುಂದ ಇರ್ಲಿ” ಅಂತ ಒಂದು ಚಮಚ ಹೆಚ್ಚಿಗೆ ಹಾಕಿಸದೆ ಗ್ಲಾಸು ಮುಟ್ಟಿದವರಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಶಿರಹಟ್ಟಿಯಲ್ಲಿ. ಅಲ್ಲಿನ ಒಂದು ಶಾಲೆಗೆ ಆಗಷ್ಟೇ ಶಿಕ್ಷಕಿಯಾಗಿ ಸೇರಿದ್ದೆ. ನಮ್ಮ ಮನೆತನದಲ್ಲಿ ದೇವಸ್ಥಾನದ ಪೂಜೆ ಬಿಟ್ಟರೆ ಶಾಲೆ, ಶಾಲೆ ಬಿಟ್ಟರೆ ಪೂಜೆ; ಎರಡೂ ಕಡೆ ತಪ್ಪಾಗದಂತೆ ನೋಡಿಕೊಳ್ಳುವುದೇ ಉದ್ಯೋಗ. ಅಂಥವಳ ಮುಂದೆ ಈ ಮನುಷ್ಯ ಬಂದು, ಶನಿವಾರ ಮಧ್ಯಾಹ್ನದಿಂದ ಶಾಲೆಯ ದೊಡ್ಡ ಹಾಲ್ ಬೇಕು, ತಪ್ಪು ಚಿತ್ರಗಳನ್ನು ತೂಗು ಹಾಕಬೇಕು ಅಂದರು. ನಮ್ಮ ಹೆಡ್‌ಮಾಸ್ತರರು ಹುಬ್ಬು ಗಂಟಿಕ್ಕಿದರು.

“ಮಕ್ಕಳು ತಪ್ಪು ಕಲ್ತಾರಲ್ರಿ.”

“ಸರ್, ತಪ್ಪು ಕಲಿಯಾಂಗಿಲ್ರಿ, ತಪ್ಪು ಹುಡುಕಾಕ ಕಲೀತಾರ. ಅದರಿಂದ ತ್ರಾಸ ಆದ್ರ ನಿಮಗ ಆದೀತು, ನನಗೇನಿಲ್ಲ.”

ಹೆಡ್‌ಮಾಸ್ತರರು ನಕ್ಕುಬಿಟ್ಟರು. ಹಾಲ್‌ನ ಕೀಲಿಕೈ ನನ್ನ ಕೈಗೆ ಬಂತು. ಮುಂದೆ ಮುಂಡರಗಿಗೆ, ಅಲ್ಲಿಂದ ಗದಗಿಗೆ ನನಗೆ ವರ್ಗವಾದಾಗಲೆಲ್ಲ, ಆ ಊರಿನಲ್ಲಿ ಮಕ್ತುಮಸಾಬರಿಗೆ ಪ್ರದರ್ಶನಕ್ಕೆ ಹಾಲ್ ಕೊಡಿಸುವುದು ನನ್ನ ಪಾಲಿನ ಕೆಲಸವೇ ಆಗಿಹೋಯಿತು.

ಚಿತ್ರ ತೂಗು ಹಾಕುತ್ತ ಅವತ್ತೇ ಕೇಳಿದೆ: “ಕಾಕಾ, ಬೇಕಂತ ಯಾಕ ತಪ್ಪು ಬರೀತೀರಿ?”

“ಹೊಸಾ ಲಾರಿಗೆ ಹಳೇ ಚಪ್ಪಲಿ ಕಟ್ತಾರಲ್ರಿ ಅಕ್ಕೋರ, ದೃಷ್ಟಿ ಆಗಬಾರದಂತ, ಹಂಗ,” ಅಂದರು. ಮತ್ತೆ ಒಂದು ಮೊಳೆ ಹೊಡೆದು, “ಇನ್ನೊಂದೈತಿ. ಚಿತ್ರ ನೋಡ್ರಿ ಅಂದ್ರ ಮಂದಿ ಹಂಗಽ ದಾಟಿ ಹೊಕ್ಕಾರ. ತಪ್ಪು ಹುಡುಕ್ರಿ ಅಂದ್ರ ತಾಸುಗಟ್ಟಲೆ ನಿಂದ್ರತಾರ. ಅಷ್ಟೊತ್ತು ನಿಂತ್ರ ನೋಡಿಧಂಗ ಆತಲ್ರಿ?” ಅಂದರು.

ಆ ಮಾತು ಎಷ್ಟು ಸರಿ ಅನ್ನುವುದು ಹರ್ತಿಯ ಫಕ್ಕೀರಪ್ಪಜ್ಜ ಒಳಗೆ ಬಂದಾಗ ತಿಳಿಯಿತು. ತಲೆಗೆ ಸುತ್ತಿದ ರುಮಾಲಿನಲ್ಲಿ ಎರಡೂ ಕಿವಿ ಮುಚ್ಚಿಹೋದ, ಕಲ್ಲಿ ಮೀಸೆಯ ರೈತ. ಯಾವುದೋ ಕೆಲಸಕ್ಕೆ ಶಿರಹಟ್ಟಿಗೆ ಬಂದವನು ಬೋರ್ಡು ಓದಿ ಒಳಗೆ ನುಗ್ಗಿದ್ದ. ತೆನೆ ತುಂಬಿದ ಜೋಳದ ಹೊಲ, ಪಕ್ಕದ ದಾರಿಯಲ್ಲಿ ಹೊರಟ ಎತ್ತಿನ ಬಂಡಿ, ಎತ್ತುಗಳ ಕೋಡಿಗೆ ಕೆಂಪು-ಹಸಿರು ಬಣ್ಣ ಇದ್ದ ಚಿತ್ರದ ಮುಂದೆ ನಿಂತ. ನಿಂತೇ ನಿಂತ. ಆಮೇಲೆ ಪರಿಚಯವಿಲ್ಲ ಏನಿಲ್ಲ, ನೇರವಾಗಿ ಮಕ್ತುಮಸಾಬರನ್ನೇ ತರಾಟೆಗೆ ತೆಗೆದುಕೊಂಡ.

“ಏ ಪೇಂಟರ, ಕಾರಹುಣ್ಣಿಮಿಗೆ ಕೋಡಿಗೆ ಹಚ್ಚಿದ ಬಣ್ಣ ಜೋಳಾ ತೆನಿ ಆಗೂತನಾ ಉಳೀತೈತೇನಲೇ? ಅಷ್ಟೊತ್ತಿಗೆ ಅವು ಗ್ವಾಡಿಗೆ ತಿಕ್ಕಿ ತಿಕ್ಕಿ ಬರೇ ಕೋಡು ಉಳಿದಿರ್ತಾವ.”

ಮಕ್ತುಮಸಾಬರ ಮುಖ ಅರಳಿತು. ಹಾಲ್‌ನ ಮೂಲೆಯಲ್ಲಿ ಒಂದು ಸ್ಟೂಲು ಇಟ್ಟಿರುತ್ತಿದ್ದರು. ಅದರ ಮೇಲೆ ಫಕ್ಕೀರಪ್ಪಜ್ಜನನ್ನು ಕೂರಿಸಿ, ಅಂಗಿಯ ಜೇಬಿನಿಂದ ಇದ್ದಿಲು ತೆಗೆದು, ಹಾಳೆಯ ಮೇಲೆ ಅವನ ಮುಖ ಬರೆಯತೊಡಗಿದರು. “ನಗಬ್ಯಾಡಪಾ. ನಕ್ರ ಎಲ್ಲಾರೂ ಒಂದಽ ಥರ ಕಾಣ್ತಾರ. ಸುಮ್ಮನ ಕುಂತಾಗಽ ಯಾರು ಅನ್ನೂದು ಗೊತ್ತಾಗೂದು.” ಫಕ್ಕೀರಪ್ಪಜ್ಜ ನಗುವ ಪೈಕಿಯೇ ಆಗಿರಲಿಲ್ಲ, ಗಟ್ಟಿಯಾಗಿ ಕೂತ. ರುಮಾಲು, ಮೀಸೆ, ಸಿಟ್ಟು, ಎಲ್ಲ ಹಾಳೆಗೆ ಇಳಿದವು. ಅಲ್ಲಿಂದ ಇಬ್ಬರಿಗೂ ಗೆಳೆತನ ಬೆಳೆದು, ‘ಪೇಂಟರ’ ಹೋಗಿ ‘ಮಕ್ತುಮ್ಯಾ’ ಆಯಿತು. ಪ್ರದರ್ಶನ ಎಲ್ಲೇ ಇರಲಿ ಫಕ್ಕೀರಪ್ಪಜ್ಜ ಬಸ್ಸು ಹತ್ತಿ ಬಂದು ಜಗಳ ತೆಗೆದೇ ಹೋಗುತ್ತಿದ್ದ.

ಇದ್ದಿಲಿನ ಆ ಮುಖಗಳನ್ನು ಈ ಸೀಮೆಯಲ್ಲಿ ನೀವೂ ನೋಡಿರಬಹುದು. ಹಿಟ್ಟಿನ ಗಿರಣಿಯಲ್ಲಿ, ಚಹಾದಂಗಡಿಯಲ್ಲಿ, ಕೆಲವರ ಮನೆಯ ದೇವರ ಜಗುಲಿಯ ಪಕ್ಕದಲ್ಲೂ ಅವು ತೂಗುತ್ತಿದ್ದವು. ಕೈಯಲ್ಲಿರುವ ಫೋನು ಎಷ್ಟು ಬೇಕಾದರೂ ಫೋಟೋ ತೆಗೆಯುತ್ತದೆ. ಆದರೆ ಇದು ಗೆದ್ದು ತಂದ ಮುಖ. ಒಮ್ಮೆ ನಾನು, “ಕಾಕಾ, ಊರಮಂದಿ ಮುಖ ಎಲ್ಲಾ ಬರದ್ರಿ, ನಿಮ್ಮದೊಂದು ಬರಕೋಬಾರದೇನ್ರಿ?” ಅಂದಾಗ ಅವರು ಗಂಭೀರವಾಗಿಯೇ ಉತ್ತರ ಕೊಟ್ಟರು: “ನಾ ಯಾವ ತಪ್ಪು ಹುಡುಕೀನಿ ಅಂತ ಬರಕೊಳ್ಳಲಿ? ನನ್ನ ತಪ್ಪು ನನಗ ಮೊದಲಽ ಗೊತ್ತಿರ್ತಾವಲ್ರಿ.” ತಾವು ಮಾಡಿದ ಕಾನೂನು ತಮಗೂ ಸಡಿಲ ಮಾಡಿಕೊಳ್ಳುವ ಮನುಷ್ಯ ಅಲ್ಲ.

ಮುಂಡರಗಿಯಲ್ಲಿ ಮಾತ್ರ ಅವರ ಲೆಕ್ಕ ತಪ್ಪಿತು. ಕಪ್ಪತಗುಡ್ಡದ ಮೇಲೆ ಕೆಂಪು ಸೂರ್ಯ, ಕೆಳಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡಿಸುತ್ತಿರುವ ಹೆಂಗಸು ಇರುವ ಚಿತ್ರ ಅದು. ಹೆಂಗಸಿನ ನೆರಳು ಸೂರ್ಯನಿರುವ ಕಡೆಗೇ ಬಿದ್ದಿತ್ತು, ಅದು ಅವರು ಇಟ್ಟ ತಪ್ಪು. ಶಿರಹಟ್ಟಿಯವರು ತಿಣುಕಾಡಿ ಅದನ್ನು ಹುಡುಕಿದ್ದರು. ಮುಂಡರಗಿಯವರು ನೆರಳಿನ ತಂಟೆಗೇ ಹೋಗಲಿಲ್ಲ. ಬಾಗಿಲಲ್ಲಿ ನಿಂತವನೇ ಒಬ್ಬ ಹೇಳಿದ, “ಹೊತ್ತು ಮುಳುಗೂವಾಗ ಯಾರ್ರೀ ರಂಗೋಲಿ ಹಾಕೂದು?”

“ಮುಳುಗಾಕತ್ತಿಲ್ರಿ, ಹುಟ್ಟಾಕತ್ತಾನ,” ಅಂದರು ಮಕ್ತುಮಸಾಬರು.

“ಗುಡ್ಡದ ಮ್ಯಾಲ ಹೆಂಗ ಹುಟ್ಟತಾನ? ನಾವು ಹುಟ್ಟಿದಾಗಿಂದ ಅಂವ ಅಲ್ಲೇ ಮುಳುಗೂದು ನೋಡೇವಿ.”

ಶಿರಹಟ್ಟಿಗೆ ಕಪ್ಪತಗುಡ್ಡ ಮೂಡಣಕ್ಕಿದೆ, ಮುಂಡರಗಿಗೆ ಪಡುವಣಕ್ಕೆ. ಹುಟ್ಟುವ ಸೂರ್ಯನನ್ನು ಸುತ್ತಿಕೊಂಡು ಬಸ್ಸಿನಲ್ಲಿ ತಂದವರಿಗೆ ದಾರಿಯಲ್ಲಿ ಅವನು ಮುಳುಗುತ್ತಾನೆ ಅನ್ನುವುದು ಹೊಳೆದಿರಲಿಲ್ಲ. “ಇದು ಶಿರಹಟ್ಟಿ ಕಡೆಯ ಗುಡ್ಡ” ಅಂತ ವಾದಿಸಿ ನೋಡಿದರು. “ಗುಡ್ಡದ ಮ್ಯಾಲ ಊರ ಹೆಸರು ಎಲ್ಲಿ ಬರದೀರಿ?” ಅಂತ ಮಂದಿ ಕೇಳಿತು. ಕೊನೆಗೆ ಕೈಮುಗಿದು ಸೋತೆ ಅಂದರು. ಅವತ್ತು ಹಾಲ್‌ಗೆ ಬಂದವರೆಲ್ಲ ಗೆದ್ದವರೇ. ಮುಖ ಬರೆದು ಬರೆದು ಜೇಬಿನ ಇದ್ದಿಲು ತೀರಿ, ಎದುರಿನ ಚಹಾದಂಗಡಿಯ ಒಲೆಯಿಂದ ತರಬೇಕಾಯಿತು. ಬಸ್ಸಿಗೆ ಹೊರಟಾಗ ಕೈಯೆಲ್ಲ ಕಪ್ಪು, ಮುಖದ ತುಂಬ ನಗು. “ಅವರು ನಿಂತ ಕಡಿಂದ ಅವರದಽ ಖರೆ ಅಲ್ರಿ, ಅಕ್ಕೋರ,” ಅಂದರು. ಅವರನ್ನು ಅಷ್ಟು ಖುಷಿಯಾಗಿ ನಾನು ಮತ್ತೆ ನೋಡಲಿಲ್ಲ.

ಗದಗಿಗೆ ಅಂಟಿಕೊಂಡ ಬೆಟಗೇರಿಯ ಪ್ರದರ್ಶನದ ಹೊತ್ತಿಗೆ ನಾನು ಗದಗಿನಲ್ಲಿದ್ದೆ. ಸಂತೆಯಲ್ಲಿ ಕೂತು ಸೊಪ್ಪು ಮಾರುವ ಹೆಂಗಸಿನ ದೊಡ್ಡ ಚಿತ್ರವೊಂದನ್ನು ಹೊಸದಾಗಿ ತಂದಿದ್ದರು. ಇಳಕಲ್ ಸೀರೆ, ಎದುರಿಗೇ ನೋಡುವ ಮುಖ. ಮಗ್ಗದ ಮನೆಯ ಶಾಂತವ್ವ ಅನ್ನುವವಳು ಅದರ ಮುಂದೆ ನಿಂತವಳೇ ಬೆರಳು ತೋರಿಸಿದಳು.

“ಸೆರಗು ತಪ್ಪೈತ್ರಿ. ಮೂರು ಕೆಂಪು, ನಡುವ ಎರಡು ಬಿಳಿ ಇರಬೇಕು. ನೀವು ಮೂರು ಬಿಳಿ ಮಾಡೀರಿ. ಇಂಥಾ ಸೆರಗು ನೇದ್ರ ನನ್ನ ಮಗ್ಗದಿಂದ ಎಬ್ಬಿಸಿ ಕಳಸ್ತಾರ.”

“ಶಾಬಾಸ್. ಬರ್ರಿ, ಕುಂಡ್ರಿ,” ಅಂದರು ಮಕ್ತುಮಸಾಬರು ಸ್ಟೂಲು ಎಳೆದು.

ಶಾಂತವ್ವ ಕೂರಲಿಲ್ಲ. “ಒಂದಽ ತಪ್ಪು ಅಂತ ಬರದೀರಿ ಬೋರ್ಡಿನ್ಯಾಗ. ಇದರಾಗ ಎರಡು ಅದಾವಲ್ರಿ? ಒಂದು ಕಿವ್ಯಾಗ ಬೆಂಡೋಲಿ ಐತಿ, ಇನ್ನೊಂದು ಕಿವಿ ಬರೇ ಐತಿ.”

ಮಕ್ತುಮಸಾಬರು ಚಿತ್ರದ ಹತ್ತಿರ ಹೋದರು. ಇನ್ನೂ ಹತ್ತಿರ ಹೋದರು. ಮೂಗು ಬಟ್ಟೆಗೆ ತಾಗುವಷ್ಟು ಬಾಗಿ, ಆ ಕಿವಿಯ ಮೇಲೆ ಬೆರಳಾಡಿಸಿದರು. ಆಮೇಲೆ ತಿರುಗಿ, “ಅದು ದೀಪಾವಳಿ ಬೋನಸ್ ರೀ, ಯವ್ವಾ,” ಅಂದರು. ಎಲ್ಲರೂ ನಕ್ಕರು. ಶಾಂತವ್ವನ ಮುಖ ಬರೆದುಕೊಟ್ಟರು.

ಮಂದಿ ಕರಗಿದ ಮೇಲೆ ನಾನು ಚಹಾ ತರಿಸಿದೆ. ಸಕ್ಕರೆಯ ಮಾತೆತ್ತದೆ ಗ್ಲಾಸು ಕೆಳಗಿಟ್ಟರು.

“ಅಕ್ಕೋರ, ಆ ಬೆಂಡೋಲಿ ನಾ ಬಿಟ್ಟಿದ್ದಲ್ರಿ. ಬರದೀನಿ ಅಂತಽ ತಿಳಕೊಂಡಿದ್ದೆ.”

ಹುಬ್ಬಳ್ಳಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದಿದ್ದರಂತೆ. ಸಕ್ಕರೆ ಕಾಯಿಲೆ ಕಣ್ಣಿನ ಹಿಂಬದಿಗೆ ಇಳಿದಿದೆ, ಇದ್ದ ದೃಷ್ಟಿ ಉಳಿಸಿಕೊಳ್ಳಲು ನೋಡೋಣ, ಹೋದದ್ದು ತಿರುಗಿ ಬರುವುದಿಲ್ಲ ಅಂದಿದ್ದರಂತೆ ಡಾಕ್ಟರು. ನೋಡುವಾಗ ನಡುನಡುವೆ ಒಂದೊಂದು ತುಣುಕು ಕಾಣೆಯಾಗುತ್ತದೆ, ಅಲ್ಲಿ ಏನಿತ್ತು ಅನ್ನುವುದನ್ನು ಮನಸ್ಸೇ ತುಂಬಿಕೊಳ್ಳುತ್ತದೆ ಅಂದರು.

“ಯಾರಿಗೂ ಹೇಳಬ್ಯಾಡ್ರಿ. ಮಂದಿ ಈಗ ಚಿತ್ರ ನೋಡಾಕ ಬರ್ತಾರ. ಖಬರ ಆತು ಅಂದ್ರ ನನ್ನ ನೋಡಾಕ ಬರ್ತಾರ, ಪಾಪ ಅನ್ನಾಕ. ಹಂಗ ಒಬ್ಬರು ಬಂದ್ರೂ ಅವತ್ತಿಗೆ ಈ ಬೋರ್ಡು ಇಳಿಸ್ತೀನಿ.”

ನಾನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಅವರು ಬರೆದುಕೊಟ್ಟ ಮುಖಗಳೇ ಊರೂರಿಗೆ ಸುದ್ದಿ ಮುಟ್ಟಿಸಿದವು. ಗೆದ್ದವರು ಹಾಳೆ ಮನೆಗೆ ಒಯ್ದು ತೋರಿಸಿದರೆ ಮನೆಯವರಿಗೆ ಗುರುತು ಹತ್ತುತ್ತಿರಲಿಲ್ಲ. ಒಬ್ಬರಿಗೆ ಹುಬ್ಬಿಲ್ಲ, ಇನ್ನೊಬ್ಬರ ಬಾಯಿ ಗಲ್ಲದ ಮೇಲೆ. ಮೊದಲಾಗಿದ್ದರೆ ತಿರುಗಿ ಬಂದು ಜಗಳ ಮಾಡುತ್ತಿದ್ದರು. ಈಗ ಯಾರೂ ಬರಲಿಲ್ಲ. ಹಾಳೆ ಮಡಿಚಿ ಟ್ರಂಕಿನಲ್ಲಿಟ್ಟು ಸುಮ್ಮನಾದರು.

ಮುಂದಿನ ಪ್ರದರ್ಶನ ಲಕ್ಷ್ಮೇಶ್ವರದಲ್ಲಿ, ಅವರದೇ ಊರಿನಲ್ಲಿ. ನಾನು ಗದಗಿನಿಂದ ಬೆಳಗಿನ ಬಸ್ಸಿಗೆ ಹೋದೆ. ಮಂದಿಯೇನೋ ತುಂಬಿತ್ತು, ಆದರೆ ಸದ್ದಿರಲಿಲ್ಲ. ಹಬ್ಬಕ್ಕೆ ಉಡುವ ಬಟ್ಟೆಯಲ್ಲಿ ಬಂದವರು ಮೆಲ್ಲಗೆ ಒಂದೊಂದು ಚಿತ್ರ ದಾಟಿ, ಮಕ್ತುಮಸಾಬರ ಮುಂದೆ ಬಂದು ಹೇಳುತ್ತಿದ್ದರು: “ಭಾಳ ಛಲೋ ಅದಾವ್ರಿ, ಕಾಕಾ. ಒಂದೂ ತಪ್ಪು ಸಿಗಲಿಲ್ಲ ನೋಡ್ರಿ.” ತಪ್ಪು ತೋರಿಸಿದರೆ ಯಾವುದು ಬೇಕೆಂದೇ ಮಾಡಿದ್ದು, ಯಾವುದು ಕಣ್ಣು ಮಾಡಿಸಿದ್ದು ಅನ್ನುವುದು ಯಾರಿಗೆ ಗೊತ್ತು? ಗೆದ್ದರೆ ಸ್ಟೂಲಿನ ಮೇಲೆ ಕೂರಬೇಕು, ಕೂತರೆ ಅವರು ಬರೆಯಬೇಕು. ಅದಕ್ಕೆ ಇಡೀ ಊರು ಮಾತಾಡಿಕೊಳ್ಳದೆಯೇ ಸೋಲುವುದೆಂದು ತೀರ್ಮಾನ ಮಾಡಿತ್ತು. ತಪ್ಪು ಹುಡುಕುವುದರಲ್ಲಿ ಹೆಸರಾದ ನಮ್ಮ ಮಂದಿಗೆ ಅದು ಸುಲಭದ ಕೆಲಸವಾಗಿರಲಿಕ್ಕಿಲ್ಲ. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು.

ಮಕ್ತುಮಸಾಬರು ಮಾತ್ರ ಕುರ್ಚಿಯಲ್ಲಿ ಮಂಕಾಗಿ ಕೂತಿದ್ದರು. ಎದುರಿನ ಸ್ಟೂಲು ಬೆಳಗಿನಿಂದ ಖಾಲಿ. ನನ್ನ ದನಿ ಕೇಳಿ ಕೈ ಹಿಡಿದು ಹತ್ತಿರ ಕರೆದರು.

“ಅಕ್ಕೋರ, ನಡುವಿನ ಗ್ವಾಡಿಗೆ ಒಂದು ಎಮ್ಮಿ ಐತಲ್ರಿ, ಅದನ್ನ ನೋಡಿದ್ರೇನು?”

ನೋಡಿದ್ದೆ. ಕೆರೆಯ ದಂಡೆಯಲ್ಲಿ ನಿಂತ ಕರಿ ಎಮ್ಮೆ, ಗೋಡೆಯ ಅರ್ಧದಷ್ಟಿತ್ತು.

“ಅದಕ್ಕ ಐದು ಕಾಲು ಬರದೀನ್ರಿ. ಬೇಕಂತಽ ಬರದೀನಿ. ಇಷ್ಟು ದಪ್ಪದ್ದು. ಮುಂಜಾನಿಂದ ಇಡೀ ಲಕ್ಷ್ಮೇಶ್ವರ ಅದರ ಮುಂದ ಹಾದು ಹೋತು. ಒಬ್ಬರಿಗೂ ಐದನೇ ಕಾಲು ಕಾಣಲಿಲ್ಲಂತ.” ಖಾಲಿ ಸ್ಟೂಲಿನ ಕಡೆ ಕೈ ತೋರಿಸಿದರು. “ಅಂದ್ರ ಎಲ್ಲಾರಿಗೂ ಗೊತ್ತಾಗೇತಿ. ಆತು, ಬೋರ್ಡು ಇಳಸ್ರಿ.”

ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ನಡುವಿನ ಗೋಡೆಯ ಕಡೆಯಿಂದ ದೊಡ್ಡ ದನಿ ಬಂತು.

“ಲೇ ಮಕ್ತುಮ್ಯಾ, ಎಮ್ಮಿಗೆ ಐದು ಕಾಲು ಬರದೀಯಲ್ಲೋ, ಏನು ಕುಡದು ಬರದೀಲೇ?”

ಹರ್ತಿಯ ಫಕ್ಕೀರಪ್ಪಜ್ಜ. ಬಸ್ಸು ತಪ್ಪಿ ಆಗಷ್ಟೇ ಬಂದಿದ್ದ. ಅಕ್ಕಪಕ್ಕದವರು ಅವನ ಅಂಗಿ ಜಗ್ಗಿದರು, ಒಬ್ಬ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ. ಅವನು ಅವರ ಕೈ ಕೊಡವಿ ಹಾಕಿದ. “ನಂಗೂ ಗೊತ್ತೈತಿ, ಬಿಡ್ರೋ. ಅಂವನ ಕಣ್ಣು ಹೋಗ್ಯಾವ, ನಿಮ್ಮವೂ ಹೋಗ್ಯಾವೇನು?”

ಮಕ್ತುಮಸಾಬರು ಕುರ್ಚಿಯಿಂದ ಎದ್ದು, ಗೋಡೆ ಹಿಡಿದುಕೊಂಡು ದನಿ ಬಂದ ದಿಕ್ಕಿಗೆ ನಡೆದರು. ನಗುತ್ತಿದ್ದರು, ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ. “ಬಾರಲೇ, ಬಂದ್ಯಾ. ಕುಂಡ್ರು,” ಅಂತ ಅವನನ್ನು ಎಳೆದು ತಂದು ಸ್ಟೂಲಿನ ಮೇಲೆ ಕೂರಿಸಿದರು. ಇದ್ದಿಲು ತೆಗೆದರು. ಫಕ್ಕೀರಪ್ಪಜ್ಜ ಅವತ್ತೂ ಗಟ್ಟಿಯಾಗಿ ಕೂತ. ಬಹಳ ಹೊತ್ತು ಬರೆದರು. ಕಣ್ಣು ಹಾಳೆಯ ಮೇಲಿರಲಿಲ್ಲ, ಎಲ್ಲೋ ಇತ್ತು. ಕೈ ಮಾತ್ರ ತನ್ನ ಪಾಡಿಗೆ ಓಡಿತು.

ಫಕ್ಕೀರಪ್ಪಜ್ಜ ಹಾಳೆ ಇಸಿದುಕೊಂಡು ಆಚೆ ಈಚೆ ತಿರುಗಿಸಿ ನೋಡಿದ.

“ಇದರಾಗೂ ಒಂದು ತಪ್ಪೈತಲೇ.”

“ಯಾವುದು?”

“ನಾನಽ ಇಲ್ಲ ಇದರಾಗ.”

“ಹಂಗಾರ ಯಾರದಾರ ಹುಡುಕು,” ಅಂದರು ಮಕ್ತುಮಸಾಬರು.

ಅದರ ಹಿಂದೆಯೇ ಇಡೀ ಹಾಲ್‌ಗೆ ಬಾಯಿ ಬಂತು. ಒಬ್ಬ ಕೋಳಿಯ ಜುಟ್ಟು ತೋರಿಸಿದ, ಇನ್ನೊಬ್ಬಳು ಬುಟ್ಟಿಯ ಹೆಣಿಕೆ ಸರಿಯಿಲ್ಲ ಅಂದಳು. ಬೇಕೆಂದು ಮಾಡಿದ್ದು, ತಿಳಿಯದೆ ಆದದ್ದು, ಎಲ್ಲ ತಪ್ಪುಗಳನ್ನೂ ಸಂಜೆಯವರೆಗೆ ಕೂಗಿ ಹೇಳಿದರು, ಸ್ಟೂಲಿಗೆ ಪಾಳಿ ಹಚ್ಚಿದರು. ಬೋರ್ಡು ಅವತ್ತು ಇಳಿಯಲಿಲ್ಲ.

ಅದಾದ ಮೇಲೆ ಪ್ರದರ್ಶನ ಆಗಲಿಲ್ಲ. ಕಣ್ಣಿನ ಹಿಂದೆಯೇ ಮೂತ್ರಪಿಂಡವೂ ಕೆಟ್ಟು, ಮಕ್ತುಮಸಾಬರು ತೀರಿಕೊಂಡರು. ನನಗೆ ಸುದ್ದಿ ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಗಾದಿಯ ಸುರುಳಿ ಹೊತ್ತು ಹೋದರೆ ಈಗಲೂ ನನ್ನ ಕಾಲು ಒಂದು ಕ್ಷಣ ನಿಲ್ಲುತ್ತದೆ.

ಈಚೆಗೆ ಹರ್ತಿಗೆ ಹೋಗುವ ಪ್ರಸಂಗ ಬಂದಾಗ ಫಕ್ಕೀರಪ್ಪಜ್ಜನ ಮನೆಗೆ ಹೋದೆ. ಪಡಸಾಲೆಯ ಗೋಡೆಗೆ ಎರಡು ಮುಖ ಕಟ್ಟು ಹಾಕಿಸಿ ತೂಗು ಹಾಕಿದ್ದ. ಒಂದು ಶಿರಹಟ್ಟಿಯದು: ರುಮಾಲು, ಮೀಸೆ, ಸಿಟ್ಟು. ಇನ್ನೊಂದು ಲಕ್ಷ್ಮೇಶ್ವರದ್ದು. ಗೆರೆಯ ಮೇಲೆ ಗೆರೆ ಬಿದ್ದು, ಎಲ್ಲಿ ಗಲ್ಲ ಎಲ್ಲಿ ಹಣೆ ತಿಳಿಯದ ಹಾಳೆ.

“ಇದನ್ನ ಯಾಕ ಹಾಕೀರಜ್ಜಾ? ನಿಮ್ಮಂಗ ಇಲ್ಲಲ್ರಿ,” ಅಂದೆ.

“ನಂದಲ್ಲಲ್ರಿ ಅದು. ಭಾಳ ದಿನ ಹುಡುಕಿದೆ, ಕಡೀಕ ಸಿಕ್ಕಾನ. ಆ ಕಿವಿ ನೋಡ್ರಿ.”

ಗೆರೆಗಳ ನಡುವೆ ಒಂದು ಕಿವಿ, ಸದಾ ಪೆನ್ಸಿಲು ಸಿಕ್ಕಿಸಿಕೊಂಡ ಕಿವಿಯ ಹಾಗೆ, ಮುಂದಕ್ಕೆ ಬಾಗಿ ನಿಂತಿತ್ತು. ರುಮಾಲಿನೊಳಗೆ ಮುಚ್ಚಿದ್ದ ಫಕ್ಕೀರಪ್ಪಜ್ಜನ ಕಿವಿಯನ್ನು ಅವರು ಎಲ್ಲಿ ನೋಡಿದ್ದರು? ನಾನು ಅಲ್ಲಿಂದ ಮೂಗಿನ ಗೆರೆ ಹಿಡಿಯಲು ನೋಡಿದೆ. ಸಿಕ್ಕಂತಾಗಿ ಮತ್ತೆ ತಪ್ಪಿಹೋಯಿತು. ಕಣ್ಣು ಮಂಜಾಗಿತ್ತು.

ಫಕ್ಕೀರಪ್ಪಜ್ಜ ಒಳಗಿನಿಂದ ಒಂದು ಸ್ಟೂಲು ತಂದು ಆ ಮುಖದ ಮುಂದೆ ಇಟ್ಟ.

“ಕುಂತು ನೋಡ್ರಿ ಅಕ್ಕೋರ. ಸಿಗ್ತಾನ.”